ಉದುರಿದ ಹೂವು, ಮೊಳೆತ ಕಾಳು: ನರ್ಸರಿ ಮಕ್ಕಳಿಗೆ ವಸಂತದ ಆಟಗಳು

ವಸಂತ ಬಂದರೆ ನರ್ಸರಿಯ ಗೋಡೆ ತುಂಬ ಕಾಗದದ ಹೂವು. ಹೆಚ್ಚಿನವು ಟೀಚರ್ ಕತ್ತರಿಸಿದ್ದು, ಮಗು ಗೋಂದು ಹಚ್ಚಿದ್ದು. ನೋಡೋಕೆ ಚೆಂದವೇ. ಆದರೆ ನಿಜವಾದ ಹೂವು ಕಿಟಕಿಯ ಆಚೆಯೇ ಅರಳಿದೆ ಅಲ್ವಾ? 3ರಿಂದ 5 ವರ್ಷದ ಮಕ್ಕಳು ಮುಟ್ಟಿ, ಮೂಸಿ, ಚೆಲ್ಲಿ, ಮತ್ತೆ ಎತ್ತಿಟ್ಟು ಕಲಿಯುತ್ತಾರೆ. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1840ರಲ್ಲಿ ತಮ್ಮ ಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಬರೀ ಹೆಸರಲ್ಲ, ಮಕ್ಕಳೇ ಗಿಡ ಬೆಳೆಸಲಿ ಎಂದು ಪುಟ್ಟ ಪಾತಿಗಳನ್ನೂ ಮಾಡಿಕೊಟ್ಟರು.

ಮೊದಲು ಒಂದು ಸುತ್ತು

ಮಕ್ಕಳನ್ನು ಕರೆದೊಯ್ಯುವ ಮುಂಚೆ ನೀವೊಬ್ಬರೇ ಆ ಜಾಗ ಸುತ್ತಿ ಬನ್ನಿ. ಒಡೆದ ಗಾಜು, ಮುಳ್ಳು, ಜೇನುಗೂಡು ಇದೆಯಾ ನೋಡಿ. ಕಣಗಿಲೆ, ಉಮ್ಮತ್ತಿಯಂಥ ಗಿಡಗಳ ಎಲ್ಲ ಭಾಗವೂ ವಿಷ, ಅತ್ತ ಹೋಗುವುದೇ ಬೇಡ. ತೊಟ್ಟಿ, ಬಕೆಟ್ಟುಗಳಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಪುಟ್ಟ ಮಗುವಿಗೆ ನಾಲ್ಕು ಬೆರಳು ನೀರೂ ಅಪಾಯವೇ.

ಇನ್ನು ಆಟ. ಪ್ರತಿ ಮಗುವಿನ ಮಣಿಕಟ್ಟಿಗೆ ಅಗಲದ ಟೇಪನ್ನು ಬಳೆಯಂತೆ ಸಡಿಲವಾಗಿ ಸುತ್ತಿ, ಅಂಟು ಹೊರಗಿರಲಿ. ನೆಲಕ್ಕೆ ಬಿದ್ದ ಎಸಳು, ಚಿಗುರು, ಹುಲ್ಲುಕಡ್ಡಿಯನ್ನು ಅದರ ಮೇಲೆ ಅಂಟಿಸಿಕೊಳ್ಳುತ್ತ ಹೋಗಲಿ. ನಿಯಮ ಒಂದೇ: ಬಿದ್ದದ್ದನ್ನು ಹೆಕ್ಕಬಹುದು, ಗಿಡದಿಂದ ಕೀಳುವಂತಿಲ್ಲ. 20 ನಿಮಿಷ ಸಾಕು. ವಾಪಸ್ ಬಂದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ಬಿಳಿ ಬಟ್ಟೆಯ ಮೇಲೆ

ತಂದ ಎಲೆಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿ. “ಹಸಿರು ಇಲ್ಲಿಡಿ, ಕೆಂಪು ಅಲ್ಲಿಡಿ” ಎಂದು ನೀವೇ ಹೇಳಬೇಡಿ. “ಯಾವುದರ ಜೊತೆ ಯಾವುದು ಸೇರುತ್ತೆ?” ಎಂದು ಕೇಳಿ, ಸುಮ್ನೆ ಕಾಯಿರಿ. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು. ಒಂದು ಮಗು ಬಣ್ಣ ನೋಡಿ ಜೋಡಿಸಬಹುದು, ಇನ್ನೊಂದು ನುಣುಪು–ಒರಟು ನೋಡಿ. “ಇದು ಅಮ್ಮ ಎಲೆ, ಇದು ಪಾಪು ಎಲೆ” ಎಂದರೆ ಅದೂ ಸರಿಯೇ. ಗುಂಪು ಮಾಡುವುದು, ಉದ್ದ–ಗಿಡ್ಡ ಸಾಲಿಡುವುದು, ಒಂದೊಂದಕ್ಕೆ ಒಂದೊಂದು ಜೋಡಿಸುವುದು, ಅಂಕಿ ಬರೆಯುವ ಮೊದಲಿನ ಗಣಿತ ಇದೇ.

ಲೋಟದೊಳಗಿನ ಕಾಳು

ಒಂದೇ ಆಟಕ್ಕೆ ಸಮಯ ಇದೆ ಅಂದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ. ಹೆಸರುಕಾಳು ಅಥವಾ ಅಲಸಂದೆಯನ್ನು ರಾತ್ರಿ ನೆನೆಸಿಡಿ. ರಾಜ್ಮಾ ಬೇಡ, ಅದನ್ನು ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ. ಕಾಳು ಹಂಚುವಾಗಲೂ ತೆಗೆದುಕೊಳ್ಳುವಾಗಲೂ ಎಣಿಸಿ. ಮೂಗಿನೊಳಗೆ ಹೋಗಲು ಒಂದು ಕಾಳು ಸಾಕು.

ಪಾರದರ್ಶಕ ಪ್ಲಾಸ್ಟಿಕ್ ಲೋಟದೊಳಗೆ ಒದ್ದೆ ಹತ್ತಿ ತುಂಬಿ. ಕಾಳನ್ನು ಹತ್ತಿಗೂ ಲೋಟಕ್ಕೂ ನಡುವೆ, ಹೊರಗಿನಿಂದ ಕಾಣುವಂತೆ ಸಿಕ್ಕಿಸಿ. ಹತ್ತಿ ತೇವ ಇದ್ದರೆ ಸಾಕು, ನೀರು ಜಾಸ್ತಿಯಾದರೆ ಕೊಳೆಯುತ್ತದೆ. ಪ್ರತಿ ಲೋಟಕ್ಕೂ ಮಗುವಿನ ಹೆಸರು ಬರೆಯಿರಿ. ಜೊತೆಗೆ ಎರಡು ಲೋಟ ಬೇರೆ ಮಾಡಿ: ಒಂದರಲ್ಲಿ ಒಣ ಹತ್ತಿ, ನೆನೆಸದ ಕಾಳು. ಇನ್ನೊಂದರಲ್ಲಿ ಒದ್ದೆ ಹತ್ತಿ, ಆದರೆ ಅದು ಇರುವುದು ಕತ್ತಲ ಕಪಾಟಿನಲ್ಲಿ. “ಯಾವುದು ಮೊಳೆಯುತ್ತೆ?” ಎಂದು ಕೇಳಿ, ಎಲ್ಲರ ಊಹೆಯನ್ನೂ ಗೋಡೆಯ ಮೇಲೆ ಬರೆದಿಡಿ.

ಬೆಚ್ಚಗಿದ್ದರೆ ಒಂದೆರಡು ದಿನದಲ್ಲಿ ಬಿಳಿ ಬೇರು ಇಣುಕುತ್ತದೆ. ಮೊದಲು ಬರುವುದು ಬೇರು, ಎಲೆಯಲ್ಲ. ಕಪಾಟಿನ ಕಾಳೂ ಮೊಳೆತಿರುತ್ತದೆ! ಮೊಳೆಯಲು ನೀರು, ಗಾಳಿ, ಬಿಸುಪು ಸಾಕು. ಊಟ ಕಾಳಿನೊಳಗೇ ಇದೆ. ಆದರೆ ದಿನ ಕಳೆದಂತೆ ಕತ್ತಲಿನ ಸಸಿ ಹಳದಿಯಾಗಿ, ಸಣಕಲಾಗಿ ಉದ್ದುದ್ದ ಬೆಳೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಕ್ಕಳೇ ಮಾತಾಡಲಿ. ಬೇರು ಒಂದಿಂಚು ಬೆಳೆದ ಮೇಲೆ ಒಂದು ಲೋಟವನ್ನು ಅಡ್ಡ ಮಲಗಿಸಿ. ಮರುದಿನ ನೋಡಿದರೆ ಬೇರಿನ ತುದಿ ಮತ್ತೆ ಕೆಳಕ್ಕೆ ತಿರುಗಿರುತ್ತದೆ.

ಕೆಲವರ ಕಾಳು ಮೊಳೆಯುವುದೇ ಇಲ್ಲ. ಮಗು ಬೇಜಾರು ಮಾಡಿಕೊಳ್ಳುತ್ತದೆ ಎಂದು ಕದ್ದು ಬದಲಾಯಿಸಬೇಡಿ. ಏನಾಗಿರಬಹುದು ಎಂದು ಜೊತೆಯಲ್ಲೇ ಕೂತು ನೋಡಿ, ಹೊಸ ಕಾಳು ಇಡಲು ಕೊಡಿ.

ನೆರಳು, ಹುಳು

ಬೆಳಗ್ಗೆ ಮಗುವಿನ ನೆರಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಪಾದದ ಗುರುತೂ ಇರಲಿ. ಮಧ್ಯಾಹ್ನ ಅಲ್ಲೇ ನಿಲ್ಲಿಸಿ. ನೆರಳು ಗಿಡ್ಡವಾಗಿ ಪಕ್ಕಕ್ಕೆ ಸರಿದಿರುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮೊದಲೇ ಹೇಳಿಡಿ.

ಇರುವೆಗೆ ಆರು ಕಾಲು, ಜೇಡಕ್ಕೆ ಎಂಟು. ಭೂತಗನ್ನಡಿ ಕೊಟ್ಟು ಎಣಿಸಲು ಬಿಡಿ. ಕಂಬಳಿಹುಳುವಿನ ಕೂದಲು ತಾಗಿದರೆ ತುರಿಕೆ, ದೂರದಿಂದಲೇ ನೋಡಲಿ. ಆಮೇಲೆ ಮಕ್ಕಳೇ ಮೊಟ್ಟೆಯಂತೆ ಮುದುಡಲಿ, ಹುಳುವಿನಂತೆ ತೆವಳಲಿ, ಗೂಡಿನೊಳಗೆ ಅಲ್ಲಾಡದೆ ಮಲಗಲಿ, ಚಿಟ್ಟೆಯಾಗಿ ಹಾರಲಿ. ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ ಆ ಅಲ್ಲಾಡದ ಅರ್ಧ ನಿಮಿಷವೇ.

ಎರಡು ಎಲೆ ಬಿಟ್ಟ ಸಸಿಯನ್ನು ಮಣ್ಣಿಗೆ ಹಾಕಿ. ಬೇರು ಎಷ್ಟು ಬೆಳೆದಿದೆ ನೋಡಬೇಕೆಂದು ದಿನಾ ಕಿತ್ತು ನೋಡುವ ಮಗು ಒಂದಾದರೂ ಇರುತ್ತದೆ. ಬೈಯಬೇಡಿ. ಕಿತ್ತು ನೋಡಲೆಂದೇ ಆ ಮಗುವಿಗೆ ಇನ್ನೊಂದು ಲೋಟ ಕೊಡಿ.