ಜೆಇಇ ಬರೆಯಬೇಕೇ? ಪಿಯು ಅಂಕ ಮುಂದಿಟ್ಟುಕೊಂಡು ಒಂದು ಲೆಕ್ಕ

"ಬರೀಲಿ ಬಿಡಿ ಸಾರ್, ಬರೆದ್ರೆ ಹೋಗೋದೇನು?" ಬೆಂಗಳೂರಿನ ಪಿಯು ಕಾಲೇಜುಗಳಲ್ಲಿ ಪೋಷಕರ ಬಾಯಲ್ಲಿ ಸದಾ ಇರುವ ಮಾತಿದು. ಐಐಟಿ, ಎನ್‌ಐಟಿಗಳ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಬರೆದರೆ ಹೋಗುವುದು ಅರ್ಜಿ ಶುಲ್ಕ ಮತ್ತು ಒಂದು ದಿನ, ಅಷ್ಟೇ. ಅದಕ್ಕಾಗಿ ಎರಡು ವರ್ಷ ಓದಿದರೆ ಹೋಗುವ ಲೆಕ್ಕ ಬೇರೆ. ಸಲಹೆಗೆ ಬಂದವರ ಮುಂದೆ ನಾನು ಈ ಎರಡನ್ನೂ ಬಿಡಿಸಿಟ್ಟೇ ಮಾತು ಶುರು ಮಾಡುತ್ತೇನೆ.

ಮೊದಲು ಒಂದು ಹಾಳೆಯಲ್ಲಿ ಬೇಕಾದ ಕಾಲೇಜುಗಳನ್ನು ಬರೆಸಿ, ಪಕ್ಕದಲ್ಲಿ ಅದರ ಬಾಗಿಲು ತೆರೆಯುವ ಪರೀಕ್ಷೆಯನ್ನು ಬರೆಸುತ್ತೇನೆ. ಕೆ.ಆರ್. ಸರ್ಕಲ್‌ನ ಯುವಿಸಿಇಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ. ಆರ್‌ವಿ, ಬಿಎಂಎಸ್, ರಾಮಯ್ಯ ಇವಕ್ಕೆ ಸಿಇಟಿ ಇಲ್ಲವೇ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ. ಸುರತ್ಕಲ್‌ನ ಎನ್‌ಐಟಿಕೆ, ಎಲೆಕ್ಟ್ರಾನಿಕ್ಸ್ ಸಿಟಿಯ ಟ್ರಿಪಲ್ ಐಟಿಗೆ ಜೆಇಇಯ ಮೊದಲ ಹಂತವಾದ ಜೆಇಇ ಮೇನ್. ಐಐಎಸ್‌ಸಿಯ ಬಿಟೆಕ್‌ಗೆ ಎರಡನೆಯ ಹಂತದ ಜೆಇಇ ಅಡ್ವಾನ್ಸ್ಡ್. ಬರೆದು ಮುಗಿಸಿದಾಗ ಎಷ್ಟೋ ಹಾಳೆಗಳಲ್ಲಿ ಜೆಇಇ ಅನ್ನುವ ಪದವೇ ಬಂದಿರುವುದಿಲ್ಲ. ಮನೆಯಿಂದ ಓಡಾಡಿಕೊಂಡು ಓದಲಿ ಅನ್ನುವವರ ಹಾಳೆಯಂತೂ ಹೆಚ್ಚಾಗಿ ಹೀಗೇ ಇರುತ್ತದೆ. ಆದರೂ ಮಗು ಕೋಚಿಂಗ್ ಸೇರಿ ಆರು ತಿಂಗಳಾಗಿರುತ್ತದೆ.

ಇನ್ನು ಹೋಗುವುದೇನು ಎಂಬ ಲೆಕ್ಕ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ (ಭೌತ, ರಸಾಯನ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಬ್ಬ ಹುಡುಗಿಗೆ ಪಿಸಿಎಂನಲ್ಲಿ 300ಕ್ಕೆ 285 ಬಂದರೆ ಆ ಅರ್ಧದಲ್ಲಿ 47.5. ಸಿಇಟಿಯಲ್ಲಿ 180ಕ್ಕೆ 108 ಬಂದರೆ ಈ ಅರ್ಧದಲ್ಲಿ 30. ಒಟ್ಟು 77.5. ಅದೇ ಹುಡುಗಿ ಜೆಇಇ ಗುಂಗಿನಲ್ಲಿ ಪಿಯು ಕಡೆಗಣಿಸಿ 255ಕ್ಕೆ ಇಳಿದರೆ ಪಿಯು ಪಾಲು 42.5. ಮತ್ತೆ 77.5 ಮುಟ್ಟಲು ಸಿಇಟಿಯಲ್ಲಿ 126 ಬೇಕು. ಪಿಯುನಲ್ಲಿ ಕಳೆದ 30 ಅಂಕಕ್ಕೆ ಸಿಇಟಿಯಲ್ಲಿ 18 ಪ್ರಶ್ನೆ ಹೆಚ್ಚಿಗೆ ಸರಿಮಾಡಬೇಕು. ಜೆಇಇ ಓದಿದವರಿಗೆ ಆ 18 ಸುಲಭವಲ್ಲವೇ ಎಂದು ಕೇಳುತ್ತಾರೆ. ಕೆಲವರಿಗೆ ಸುಲಭ, ನಿಜ. ಆದರೆ ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ 180 ನಿಮಿಷ, ಪ್ರಶ್ನೆಗೆ 144 ಸೆಕೆಂಡು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷ. ಅದರಲ್ಲಿ ಉತ್ತರಿಸಲು ಸಿಗುವುದು 70 ನಿಮಿಷ, ಪ್ರಶ್ನೆ 60. ಅಂದರೆ 70 ಸೆಕೆಂಡು. ನಿಧಾನವಾಗಿ, ಬುಡದಿಂದ ಬಿಡಿಸಿ ಅಭ್ಯಾಸವಾದ ಕೈ ಇಲ್ಲಿ ಹತ್ತು ಹನ್ನೆರಡು ಪ್ರಶ್ನೆ ನೋಡದೆಯೇ ಬಿಟ್ಟು ಬರುತ್ತದೆ. ಕಾಮೆಡ್‌ಕೆ ಇನ್ನೂ ಬಿಗಿ: 180 ಪ್ರಶ್ನೆ, 180 ನಿಮಿಷ.

ಪಿಯು ಅಂಕ ಜಾರುವುದು ಎಲ್ಲಿ ಎಂಬುದೂ ಗೊತ್ತಿರುವ ಸಂಗತಿಯೇ. ಪ್ರಾಕ್ಟಿಕಲ್‌ನ 30ರಲ್ಲಿ ಹೆಚ್ಚು ಹೋಗುವುದಿಲ್ಲ. ಹೋಗುವುದು ಥಿಯರಿಯ ವಿವರಣೆಯಲ್ಲಿ: ಹಂತ ಬರೆಯದೆ ಉತ್ತರ ಮಾತ್ರ ಬರೆಯುವುದು, ಸಾವಯವ ರಸಾಯನದಲ್ಲಿ ಸಮೀಕರಣ ಬಿಟ್ಟು ಹೆಸರು ಬರೆಯುವುದು, ಚಿತ್ರಕ್ಕೆ ಗುರುತು ಹಾಕದಿರುವುದು. ಆಪ್ಷನ್ ಗುರುತಿಸಿಯೇ ಪಳಗಿದವರಿಗೆ ಮಾರ್ಚ್‌ನಲ್ಲಿ ಪುಟಗಟ್ಟಲೆ ಬರೆಯಲು ಕೈ ಓಡುವುದಿಲ್ಲ.

ಹಾಳೆಯಲ್ಲಿ ಜೆಇಇ ಕಾಲೇಜು ಇದ್ದರೆ ಮುಂದಿನದು ಪರೀಕ್ಷೆಯ ಪರೀಕ್ಷೆ. ಪ್ರಥಮ ಪಿಯು ರಜೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಂದ ಮುಗಿದಿರುವ ಪಾಠಗಳ ಪ್ರಶ್ನೆಗಳನ್ನಷ್ಟೇ ಆಯ್ದು, ಒಂದೇ ವಾರದಲ್ಲಿ ಒಂದು ಜೆಇಇ, ಒಂದು ಸಿಇಟಿ ಬರೆಸಿ, ಗಡಿಯಾರ ಇಟ್ಟುಕೊಂಡು. (2024ರ ಸಿಇಟಿ ಪತ್ರಿಕೆ ತೆಗೆದುಕೊಂಡರೆ ಪಠ್ಯದ ಹೊರಗಿಂದ ಬಂದು ಮೌಲ್ಯಮಾಪನದಲ್ಲಿ ಕೈಬಿಟ್ಟ 50 ಪ್ರಶ್ನೆಗಳನ್ನು ಹೊಡೆದುಹಾಕಿ.) ಆಮೇಲೆ ಒಟ್ಟು ಅಂಕ ನೋಡುವ ಮುಂಚೆ ಸರಿ, ತಪ್ಪು, ಖಾಲಿ ಎಂದು ಮೂರು ಪಾಲು ಮಾಡಿ. ದ್ವಿತೀಯ ಪಿಯುನಲ್ಲಿ ಪೂರ್ತಿ ಪತ್ರಿಕೆ ಬರೆದಾಗಲೂ ಇದೇ ಕ್ರಮ. ಉದಾಹರಣೆಗೆ ಜೆಇಇ ಮೇನ್ ಪತ್ರಿಕೆಯಲ್ಲಿ ಸರಿ 22, ತಪ್ಪು 25, ಖಾಲಿ 28 ಅಂದುಕೊಳ್ಳಿ. ಅಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. 88ರಲ್ಲಿ 25 ಕಳೆದು 63. ಇಲ್ಲಿ ನನ್ನ ಕಣ್ಣು ಹೋಗುವುದು ಆ 25ರ ಮೇಲೆ. ತಪ್ಪುಗಳು ಲೆಕ್ಕದ ಎಡವಟ್ಟಾಗಿದ್ದರೆ ತಿದ್ದಬಹುದು, ಮುಂದುವರಿಯಲಿ. ಪ್ರಶ್ನೆ ಏನು ಕೇಳುತ್ತಿದೆ ಎಂದೇ ತಿಳಿಯದೆ ಗುರುತು ಹಾಕಿದ್ದರೆ, ಮತ್ತು ಮೂರು ತಿಂಗಳ ನಂತರದ ಪತ್ರಿಕೆಯಲ್ಲೂ ಅದೇ ಪ್ರಮಾಣ ಇದ್ದರೆ, ಜೆಇಇಗಾಗಿ ಓದುವುದನ್ನು ನಿಲ್ಲಿಸಿ ಎನ್ನುತ್ತೇನೆ. ಅರ್ಜಿ ಹಾಕಲಿ, ಬರೆಯಲಿ. ಓದು ಮಾತ್ರ ಪಿಯು ಪಠ್ಯಕ್ಕೆ ಮರಳಲಿ.

ಕಟ್‌ಆಫ್ ನೋಡುವಾಗ ಆಗುವ ತಪ್ಪು ಒಂದಿದೆ. ಸಿಇಟಿ ನಡೆಸುವ ಕೆಇಎಯ ಪಟ್ಟಿಯಲ್ಲಿ ಜಿಎಂ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ನೋಡಿ ಎದೆ ಒಡೆದುಕೊಳ್ಳುತ್ತಾರೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲು ಇದೆ. ಅವರ ಕಾಲಂಗಳು ಜಿಎಂಕೆ, ಜಿಎಂಆರ್, ಹಾಗೇ 2ಎ ವರ್ಗದವರಿಗೆ 2ಎಕೆ, 2ಎಆರ್. ಎನ್‌ಐಟಿಕೆಗೂ ಹೀಗೇ: ಅರ್ಧ ಸೀಟು ತವರು ರಾಜ್ಯಕ್ಕೆ, ಆ ಸಾಲಿನ ರ‍್ಯಾಂಕ್ ನೋಡಬೇಕು. ತವರು ಅನ್ನುವುದು ಹನ್ನೆರಡನೆಯ ತರಗತಿ ಪಾಸು ಮಾಡಿದ ರಾಜ್ಯ. ಕೋಚಿಂಗ್‌ಗೆಂದು ಹೈದರಾಬಾದಿಗೋ ಕೋಟಾಕ್ಕೋ ಹೋಗಿ ಅಲ್ಲೇ ಹನ್ನೆರಡನೆಯದು ಮುಗಿಸಿದರೆ ಈ ಪಾಲು ಕೈತಪ್ಪುತ್ತದೆ. ಸಿಇಟಿಯ ಸಾಮಾನ್ಯ ಅರ್ಹತೆ ಬೇರೆ: ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಊರು ಬಿಡುವ ಮುಂಚೆ ಇವೆರಡನ್ನೂ ಓದಿಕೊಳ್ಳುವವರು ಕಮ್ಮಿ.

ಕಾಮೆಡ್‌ಕೆ ಯಾರಿಗೆ? ಅದರ ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ, ಅರ್ಹತೆಯಷ್ಟು ಇದ್ದರೆ ಸಾಕು. ಹಾಗಾಗಿ ಪಿಯು ಕೈಕೊಟ್ಟ, ಆದರೆ ವೇಗ ಇರುವ ಹುಡುಗರಿಗೆ ಅದೇ ದಾರಿ. ಶುಲ್ಕ ಸಿಇಟಿ ಸೀಟಿಗಿಂತ ಬಹಳ ಹೆಚ್ಚು. ಮನೆಯಲ್ಲಿ ಆ ಮಾತು ಮೊದಲೇ ಆಗಲಿ, ಸೀಟು ಹಂಚಿಕೆಯ ರಾತ್ರಿ ಅಲ್ಲ.

ದಿನಾಂಕಗಳೇ ಕೊನೆಯ ತೀರ್ಮಾನ ಮಾಡಿಬಿಡುತ್ತವೆ. ಜೆಇಇ ಮೇನ್ ಮೊದಲ ಸರದಿ ಜನವರಿಯಲ್ಲಿ, ಕಾಲೇಜಿನ ಪ್ರಿಪರೇಟರಿ, ಪ್ರಾಕ್ಟಿಕಲ್ ಗಡಿಬಿಡಿಯ ಆಸುಪಾಸಿನಲ್ಲೇ. ಎರಡನೆಯದು ಏಪ್ರಿಲ್‌ನಲ್ಲಿ, ಸಿಇಟಿಗೆ ಸ್ವಲ್ಪ ಮುಂಚೆ. ಎರಡರಲ್ಲಿ ಉತ್ತಮ ಅಂಕವೇ ಲೆಕ್ಕಕ್ಕೆ. ಜನವರಿಯ ಫಲಿತಾಂಶ ಫೆಬ್ರುವರಿಯಲ್ಲಿ ಕೈಗೆ ಬಂದಾಗ ಹಳೆಯ ಹಾಳೆ ತೆಗೆಯಿರಿ. ಜೆಇಇ ಕಾಲಂನ ಒಂದು ಕಾಲೇಜಾದರೂ ಕೈಗೆಟಕುವ ದೂರದಲ್ಲಿದ್ದರೆ ಪಿಯು ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಸರದಿಗೆ ಕೂರಿ. ಇಲ್ಲದಿದ್ದರೆ ಆ ದಿನಗಳನ್ನು 70 ನಿಮಿಷದ ಸಿಇಟಿ ಅಭ್ಯಾಸಕ್ಕೆ ಕೊಡಿ, ಓಎಂಆರ್ ಹಾಳೆಯ ಮೇಲೆಯೇ, ಪೆನ್ನಿನಲ್ಲೇ. ವರ್ಷನ್ ಕೋಡ್ ತುಂಬುವುದನ್ನೂ ಪ್ರತಿ ಸಲ ಮಾಡಿಸಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಕೊನೆಯ ಮೂರು ನಿಮಿಷ ಹೊಸ ಲೆಕ್ಕ ಹಿಡಿಯದೆ ಖಾಲಿ ವೃತ್ತಗಳನ್ನೆಲ್ಲ ತುಂಬಿಸುವುದೂ ಅಭ್ಯಾಸದಲ್ಲೇ ರೂಢಿಯಾಗಲಿ.