ಐಸ್ ಬಿಟ್ಟ ಮಗನನ್ನು ಮೊದಲ ವಾರಗಳಲ್ಲಿ ನೋಡಿಕೊಳ್ಳುವುದು ಹೇಗೆ?

ನಾನು ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್. ಮೆಥ್, ಅಂದರೆ ಐಸ್ ಅನ್ನುವ ಮಾದಕವಸ್ತು ಬಿಟ್ಟ ಹುಡುಗನನ್ನು ಮನೆಗೆ ಕರೆದೊಯ್ಯುವ ತಾಯಂದಿರಿಗೆ ನಾನು ಮೊದಲು ಹೇಳುವುದು ಇಷ್ಟೇ: ಅವನಿಗೆ ಸೋಮಾರಿ ಅನ್ನಬೇಡಿ ಅಮ್ಮಾ.

ಡೋಪಮಿನ್ ಮಿದುಳಿಗೆ 'ಇದು ಬೇಕು, ಮತ್ತೆ ಮಾಡು' ಅಂತ ಕಲಿಸುವ ರಾಸಾಯನಿಕ. ಕೆಲಸ ಮುಗಿದ ಮೇಲೆ ನರಕೋಶ ಅದನ್ನು ಬಾಗಿಲಿನಂಥ ಒಂದು ದಾರಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಕೊಕೇನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಮೆಥ್ ಇನ್ನೂ ಕೆಟ್ಟದ್ದು, ಒಳಗೇ ನುಗ್ಗಿ ಕೂಡಿಟ್ಟ ಡೋಪಮಿನನ್ನು ಅದೇ ಬಾಗಿಲಿಂದ ಹೊರಗೆ ಸುರಿಸುತ್ತದೆ. ಹೀಗೇ ನಡೆದರೆ ಆ ಬಾಗಿಲುಗಳೂ, ಡೋಪಮಿನನ್ನು ಹಿಡಿಯುವ ಗ್ರಾಹಕಗಳೂ ಕಡಿಮೆಯಾಗುತ್ತವೆ. ಆಮೇಲೆ ನೀವು ಮಾಡಿದ ಬಿಸಿ ಅಕ್ಕಿ ರೊಟ್ಟಿಯೂ ಅವನಿಗೆ ಸಪ್ಪೆ.

ಮೊದಲ ಕೆಲವು ದಿನ ಮಲಗುತ್ತಾನೆ, ಎದ್ದು ಗಬಗಬ ತಿನ್ನುತ್ತಾನೆ, ಮತ್ತೆ ಮಲಗುತ್ತಾನೆ. ಮಲಗಲಿ ಬಿಡಿ. ಊಟ ಮುಚ್ಚಿಡಿ. ಕೈಯಲ್ಲಿ ಜಾಸ್ತಿ ದುಡ್ಡು ಬೇಡ. ಹಳೇ ಗೆಳೆಯರೂ ದೂರವೇ ಇರಲಿ, ಒಂದು ಮುಖ ಕಂಡರೂ ಸಾಕು, ಆಸೆ ಕೆರಳುತ್ತದೆ. ಸ್ನಾನ ಮಾಡಿ ಬಂದರೂ ಆಗಲೇ ಮೆಚ್ಚಿ, ಸಂಜೆವರೆಗೆ ಕಾಯಬೇಡಿ. 'ಸಾಯಬೇಕು' ಅಂದರೆ ಒಬ್ಬನೇ ಬಿಡಲೇಬೇಡಿ. ತಕ್ಷಣ ಆಸ್ಪತ್ರೆಗೆ ಕರೆತನ್ನಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು.

ಒಂದು ವರ್ಷಕ್ಕಿಂತ ಜಾಸ್ತಿ ಬಿಟ್ಟವರ ಸ್ಕ್ಯಾನಿನಲ್ಲಿ ಆ ಬಾಗಿಲುಗಳು ಬಹುಮಟ್ಟಿಗೆ ವಾಪಸ್ ಬಂದದ್ದು ಕಂಡಿದೆ. ಅದಕ್ಕೇ ಮೂರನೇ ವಾರದಲ್ಲೇ 'ಇನ್ನೂ ಸರಿ ಹೋಗಿಲ್ವಾ' ಅಂತ ಕೇಳಬೇಡಿ.