ಮೂರನೇ ಐವತ್ತು: 200 ಬ್ರೆಸ್ಟ್‌ಸ್ಟ್ರೋಕ್ ನಾನು ಈಜಿದ ಬಗೆ

ನನಗೆ ಸಿಕ್ಕಿದ್ದು ಎಂಟನೇ ಲೇನ್. ಲೇನ್ ಹಂಚುವ ಕ್ರಮ ಗೊತ್ತಿದ್ದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ಒಂದು ಗುಂಪಿನಲ್ಲಿ, ಎಲ್ಲರಿಗಿಂತ ವೇಗದವಳು ನಾಲ್ಕರಲ್ಲಿ, ಆಮೇಲೆ ಐದು, ಮೂರು, ಆರು, ಎರಡು, ಏಳು, ಒಂದು, ಕೊನೆಗೆ ಎಂಟು. ಅಂದರೆ ಆ ಎಂಟು ಜನರಲ್ಲಿ ನನ್ನ ಎಂಟ್ರಿ ಟೈಮೇ (ಹೆಸರು ಕೊಡುವಾಗ ತೋರಿಸಿದ ಟೈಮ್) ನಿಧಾನದ್ದು. ಅಂತಾರಾಷ್ಟ್ರೀಯ ಕೂಟದಲ್ಲಿ ಅದು ನನ್ನ ಮೊದಲ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಬೇಜಾರೇನೂ ಆಗಲಿಲ್ಲ. ಒಂದು ಬದಿಗೆ ಯಾರೂ ಇಲ್ಲ, ಇನ್ನೊಂದು ಬದಿಗೆ ಒಬ್ಬಳೇ. ನನ್ನ ಕೆಲಸ ನಾನು ನೋಡಿಕೊಳ್ಳಬಹುದು ಅಂದುಕೊಂಡೆ.

ಅದಕ್ಕೂ ಮೊದಲು ನನ್ನ ಬೆಸ್ಟ್ 2:33.4 ಇತ್ತು. ಅದರ ಸ್ಪ್ಲಿಟ್, ಅಂದರೆ ಒಂದೊಂದು ಐವತ್ತು ಮೀಟರ್‌ಗೆ ಹಿಡಿದ ಸೆಕೆಂಡ್, ನೋಡಿದರೆ ಈಗ ನಗು ಬರುತ್ತದೆ: 33.1, 38.8, 41.2, 40.3. ಮೊದಲ ಐವತ್ತಕ್ಕೆ ಹುಚ್ಚು ಹಿಡಿದವಳ ಹಾಗೆ ಹೋಗಿ, ಮೂರನೇ ಐವತ್ತರಲ್ಲಿ ಕಾಲು ಕಲ್ಲಾಗಿ, ಕೊನೆಗೆ ಗೋಡೆ ಕಂಡಿತಲ್ಲ ಅಂತ ಹೇಗೋ ಎಳೆದುಕೊಂಡು ಬಂದಿದ್ದೆ. 200 ಬ್ರೆಸ್ಟ್ ಈಜುವವರಿಗೆಲ್ಲ ಗೊತ್ತು, ರೇಸ್ ಕೈತಪ್ಪುವುದು ಕೊನೆಯ ಐವತ್ತರಲ್ಲಲ್ಲ, ಮೂರನೆಯದರಲ್ಲಿ.

ನಾನು ಬದಲಾಯಿಸಿದ್ದು ಒಂದೇ ವಿಷಯ. ಸೆಕೆಂಡ್ ಬಿಟ್ಟು ಸ್ಟ್ರೋಕ್ ಎಣಿಸಲು ಶುರು ಮಾಡಿದೆ.

ಬ್ರೆಸ್ಟ್‌ಸ್ಟ್ರೋಕ್ ನಾಲ್ಕು ಈಜುಗಳಲ್ಲಿ ಎಲ್ಲಕ್ಕಿಂತ ನಿಧಾನ, ಮತ್ತು ಒಂದೊಂದು ಸ್ಟ್ರೋಕ್‌ನಲ್ಲೂ ವೇಗ ಏರಿ ಇಳಿಯುವುದು ಇದರಲ್ಲೇ ಜಾಸ್ತಿ. ಕಿಕ್ ಹೊಡೆದಾಗ ದೇಹ ಮುಂದೆ ನುಗ್ಗುತ್ತದೆ, ಮತ್ತೆ ಮೊಣಕಾಲು ಮಡಚಿ ಹಿಮ್ಮಡಿ ಮೇಲೆ ತಂದಾಗ ತೊಡೆಗಳೇ ನೀರಿಗೆ ಅಡ್ಡ ನಿಂತು ಹೆಚ್ಚುಕಡಿಮೆ ಬ್ರೇಕ್ ಹಾಕಿದ ಹಾಗಾಗುತ್ತದೆ. ಕಿಕ್ ಮುಗಿದ ಮೇಲೆ ಕೈ ಚಾಚಿ, ತಲೆ ತಗ್ಗಿಸಿ, ಒಂದು ಕ್ಷಣ ಸುಮ್ನೆ ಜಾರಬೇಕು. ಆ ಗ್ಲೈಡ್ ಕತ್ತರಿಸಿ ಅವಸರದಲ್ಲಿ ಮುಂದಿನ ಸ್ಟ್ರೋಕ್ ಶುರು ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಶ್ರಮ ಪೂರ್ತಿ, ಫಲ ನೀರುಪಾಲು. ಆದರೆ ಜಾಸ್ತಿ ಹೊತ್ತು ಜಾರಿದರೂ ವೇಗ ಸತ್ತುಹೋಗುತ್ತದೆ. ಎಷ್ಟು ಕಾಯಬೇಕು ಅನ್ನುವುದು ಬಾಯಿಮಾತಿನಲ್ಲಿ ಹೇಳಿಕೊಡುವಂಥದ್ದಲ್ಲ. ನಾನು ಹಿಡಿದ ದಾರಿ ಎಣಿಕೆ: 50 ಮೀಟರ್ ಪೂಲ್‌ನಲ್ಲಿ ನಾಲ್ಕು ಲೆಂಗ್ತ್‌ಗೆ 18, 20, 21, 22. ಏಳು ತಿಂಗಳು ಇದೇ ನಾಲ್ಕು ಅಂಕಿ. ಕನಸಲ್ಲೂ ಎಣಿಸುತ್ತಿದ್ದೆ.

ಕಿಕ್ ಮೊದಲೇ ಬದಲಾಗಿತ್ತು. ಚಿಕ್ಕವಳಿದ್ದಾಗ ಕಾಲು ಎಷ್ಟು ಅಗಲವೋ ಅಷ್ಟು ಬಲ ಅಂದುಕೊಂಡು ಕಪ್ಪೆ ಥರ ಹೊಡೆಯುತ್ತಿದ್ದೆ. ಅದರ ಪ್ರಸಾದವಾಗಿ ಮೊಣಕಾಲಿನ ಒಳಬದಿ ನೋವು. ಆಮೇಲೆ ಅಮೆರಿಕದ ಈಜುಗಾರ್ತಿ ರೆಬೆಕಾ ಸೋನಿಯ ರೇಸ್‌ಗಳನ್ನು ನೋಡಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 2:19.59 ಈಜಿ, ಈ ಸ್ಪರ್ಧೆಯಲ್ಲಿ 2:20ರ ಒಳಗೆ ಬಂದ ಮೊದಲ ಮಹಿಳೆ ಆಕೆ. ಅವಳ ಕಿಕ್ ಎಷ್ಟು ಸಣ್ಣದು, ಎಷ್ಟು ಚುರುಕು ಅಂದರೆ ನನ್ನದು ನೋಡಿ ನನಗೇ ನಾಚಿಕೆಯಾಯಿತು. ಮೊಣಕಾಲು ಹತ್ತಿರ ತಂದು, ಪಾದ ಮಾತ್ರ ಹೊರಗೆ ತಿರುಗಿಸಿ ಹೊಡೆಯುವುದನ್ನು ಕಲಿಯಲು ಒಂದು ವರ್ಷವೇ ಬೇಕಾಯಿತು. ಆ ವರ್ಷ ಪೂರ್ತಿ ನಾನು ಮೊದಲಿಗಿಂತ ನಿಧಾನವಾಗಿಯೇ ಈಜಿದ್ದು. ತಾಳ್ಮೆ ಬೇಕು ಮಾರಾಯ್ರೆ.

ರೇಸ್ ದಿನ ಸೂಟ್ ಹಾಕಿಕೊಳ್ಳಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಬಿಗಿ ಸೂಟ್ ತೊಡೆ ದಾಟಿಸುವುದೇ ಒಂದು ವಾರ್ಮ್‌ಅಪ್! ರೇಸ್‌ಗೆ ಮುಂಚೆ ನಮ್ಮನ್ನು ಕೂರಿಸುವ ಕಾಲ್‌ರೂಮ್‌ನಲ್ಲಿ ಯಾರೂ ಮಾತಾಡುವುದಿಲ್ಲ. ಒಬ್ಬಳು ಗೋಡೆ ನೋಡುತ್ತಿದ್ದಳು, ಒಬ್ಬಳು ತೊಡೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದಳು. ನನಗೆ ಭಯ ಇದ್ದದ್ದು ಟೈಮ್ ಬಗ್ಗೆ ಅಲ್ಲ, ಕೈ ಬಗ್ಗೆ. ಎರಡು ವರ್ಷದ ಹಿಂದೆ ಒಂದು ಕೂಟದಲ್ಲಿ ಮೂರನೇ ಟರ್ನ್‌ಗೆ ಬಂದಾಗ ಗೋಡೆ ಅರ್ಧ ಸ್ಟ್ರೋಕ್ ದೂರ ಉಳಿದಿತ್ತು. ಇನ್ನೊಂದು ಸ್ಟ್ರೋಕ್ ಹಾಕುವ ಬದಲು ಬಲಗೈ ಚಾಚಿಬಿಟ್ಟೆ. ಬಲಗೈ ಮೊದಲು ಮುಟ್ಟಿತು, ಎಡಗೈ ಆಮೇಲೆ. ಎರಡೂ ಕೈ ಒಟ್ಟಿಗೆ, ಒಂದರ ಮೇಲೊಂದು ಇಲ್ಲದೆ ಬೇರೆಬೇರೆಯಾಗಿ ಗೋಡೆ ಮುಟ್ಟಬೇಕು ಅನ್ನುವುದು ನಿಯಮ. ಡಿಸ್ಕ್ವಾಲಿಫೈ ಆದೆ. ನಾನು ಗೆದ್ದೇಬಿಟ್ಟೆ ಅಂತ ಖುಷಿಯಲ್ಲಿ ಹಗ್ಗದ ಮೇಲೆ ಒರಗಿದ್ದಾಗ ಬೋರ್ಡ್‌ನಲ್ಲಿ ನನ್ನ ಹೆಸರಿನ ಎದುರು ಟೈಮೇ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ, ಆದರೂ ಎರಡು ದಿನ ಜಡ್ಜ್ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಉದ್ದ ಸೀಟಿ ಊದಿದರು, ಬ್ಲಾಕ್ ಹತ್ತಿದೆ. ಬೀಪ್. ನೀರಿಗೆ ಬಿದ್ದ ಮೇಲೆ ಪುಲ್‌ಔಟ್, ಅಂದರೆ ಮೇಲೆ ಬರುವ ಮುನ್ನ ನೀರೊಳಗೇ ಮಾಡುವ ಎಳೆತ ಮತ್ತು ಕಿಕ್. ಬೇರೆ ಈಜುಗಳಿಗೆ ನೀರೊಳಗೆ 15 ಮೀಟರ್ ಮಿತಿ ಇದೆ, ನಮಗೆ ಮೀಟರ್ ಲೆಕ್ಕ ಇಲ್ಲ. ಅದರ ಬದಲು ತೊಡೆವರೆಗೆ ಒಂದೇ ಒಂದು ಪೂರ್ತಿ ಎಳೆತ, ಎರಡೂ ಕಾಲು ಜೋಡಿಸಿ ಬಾಲದ ಹಾಗೆ ಬೀಸುವ ಒಂದೇ ಒಂದು ಡಾಲ್ಫಿನ್ ಕಿಕ್ (2005ರಿಂದ ಇದಕ್ಕೆ ಅನುಮತಿ ಇದೆ), ಆಮೇಲೆ ಒಂದು ಬ್ರೆಸ್ಟ್ ಕಿಕ್. ಎರಡನೇ ಸ್ಟ್ರೋಕ್‌ನಲ್ಲಿ ಕೈ ಪೂರ್ತಿ ಅಗಲಕ್ಕೆ ಹೋಗಿ ಒಳಗೆ ತಿರುಗುವ ಮೊದಲು ತಲೆ ನೀರಿನಿಂದ ಹೊರಗೆ ಬರಬೇಕು. ನಾನು ಮೇಲೆ ಬಂದಾಗ ಏಳನೇ ಲೇನ್‌ನವಳು ಆಗಲೇ ಅರ್ಧ ದೇಹ ಮುಂದಿದ್ದಳು. ಬೆನ್ನಟ್ಟಬೇಕು ಅಂತ ಕೈ ತುರಿಸಿತು. ಬೇಡ, ಹದಿನೆಂಟು. ಹದಿನೆಂಟಕ್ಕೇ ಗೋಡೆ ಸಿಕ್ಕಿತು.

ಎರಡನೆಯದು ಇಪ್ಪತ್ತು. ನೂರರ ಟರ್ನ್‌ನಲ್ಲಿ ಅವಳ ಪಾದ ನನ್ನ ತಲೆಯ ಪಕ್ಕದಲ್ಲಿತ್ತು.

ಮೂರನೆಯದರಲ್ಲಿ ನೀರೊಳಗೇ ಉಸಿರಿಗೆ ಒದ್ದಾಡಿದೆ. ಇಲ್ಲೇ ಎಲ್ಲರೂ ಪುಲ್‌ಔಟ್ ಮೊಟಕು ಮಾಡುವುದು, ನಾನೂ ಮಾಡುತ್ತಿದ್ದೆ. ಎದೆ ಉರಿಯುತ್ತಿದ್ದರೂ ಕೈ ತೊಡೆಗೆ ಅಂಟಿಸಿಕೊಂಡು ಮನಸ್ಸಲ್ಲಿ 'ಒಂದು' ಅಂತ ನಿಧಾನವಾಗಿ ಹೇಳಿ, ಆಮೇಲೆ ಎದ್ದೆ. ಏಳೆಂಟು ಸ್ಟ್ರೋಕ್ ಆದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಪಕ್ಕದವಳ ಪಾದ ಹೋಗಿ ಮೊಣಕಾಲು ಕಾಣುತ್ತಿದೆ, ಆಮೇಲೆ ಸೊಂಟ. ನಾನು ವೇಗ ಹೆಚ್ಚಿಸಿರಲಿಲ್ಲ, ಅವಳು ಸ್ಟ್ರೋಕ್ ಜಾಸ್ತಿ ಮಾಡಿ ಗ್ಲೈಡ್ ಕಳೆದುಕೊಂಡಿದ್ದಳು. ಅವಳಲ್ಲಿ ನನ್ನ ಹಳೆಯ 41.2 ಕಾಣಿಸಿತು. ಇಪ್ಪತ್ತೊಂದು. ಎರಡೂ ಕೈ ಒಟ್ಟಿಗೆ ಮುಟ್ಟಿದ್ದನ್ನು ಕಣ್ಣಾರೆ ನೋಡಿ ತಿರುಗಿದೆ.

ಕೊನೆಯ ಐವತ್ತರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನೋವು, ಅಷ್ಟೆ. ಇಪ್ಪತ್ತೆರಡಕ್ಕೆ ಗೋಡೆ ಸಿಗಲಿಲ್ಲ, ಇಪ್ಪತ್ತಮೂರನೆಯದು ಗಿಡ್ಡ ಸ್ಟ್ರೋಕ್ ಹಾಕಿ ಮುಟ್ಟಿದೆ. ಕೈ ಚಾಚಿಕೊಂಡು ಜಾರುವ ಆಸೆ ಆಯಿತು, ಹಳೆಯ ಪಾಠ ನೆನಪಿತ್ತು.

2:31.8. ಸ್ಪ್ಲಿಟ್ 34.2, 38.9, 39.4, 39.3. ಮೊದಲ ಐವತ್ತರಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಬಿಟ್ಟುಕೊಟ್ಟು, ಮೂರನೆಯದರಲ್ಲಿ ಸುಮಾರು ಎರಡು ಸೆಕೆಂಡ್ ಗಳಿಸಿದ್ದೆ. ಹೀಟ್‌ನಲ್ಲಿ ಆರನೆಯವಳು. ಸೆಮಿಫೈನಲ್‌ಗೆ ಹೋಗುವುದು ಒಟ್ಟು ಹದಿನಾರು ಜನ, ಆ ಪಟ್ಟಿಯ ಹತ್ತಿರವೂ ನಾನಿರಲಿಲ್ಲ. ವಿಶ್ವದಾಖಲೆಯ ಜೊತೆ ಇಟ್ಟು ನೋಡಿದರಂತೂ ಕೇಳಬೇಡಿ: ರಷ್ಯಾದ ಎವ್ಗೆನಿಯಾ ಚಿಕುನೋವಾ 2023ರಲ್ಲಿ ಕಜಾನ್‌ನಲ್ಲಿ ಈಜಿದ್ದು 2:17.55. ಅವಳು ಗೋಡೆ ಮುಟ್ಟುವ ಹೊತ್ತಿಗೆ ನನಗಿನ್ನೂ ಹತ್ತೊಂಬತ್ತು ಮೀಟರ್ ಬಾಕಿ ಇರುತ್ತಿತ್ತು.

ಸಂಜೆ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಗ್ಯಾಲರಿಯಲ್ಲಿ ಕೂತು ಸೆಮಿಫೈನಲ್ ನೋಡಿದೆ. ನಾಲ್ಕನೇ ಲೇನ್‌ನವಳ ಸ್ಟ್ರೋಕ್ ಎಣಿಸಿದೆ. ಮೂರನೇ ಐವತ್ತಕ್ಕೆ ಹದಿನೆಂಟು. ತಪ್ಪಿರಬೇಕು ಅಂತ ಎರಡನೇ ಸೆಮಿಯಲ್ಲೂ ಎಣಿಸಿದೆ, ಅಲ್ಲಿಯೂ ಅಷ್ಟೇ. ಡೈರಿ ತೆಗೆದು 18, 20, 21, 23 ಅಂತ ಬರೆದು, ಇಪ್ಪತ್ತಮೂರಕ್ಕೆ ಒಂದು ಸುತ್ತು ಹಾಕಿದೆ.